ಈ ಬಿರುಕು ಬ್ಯಾಟರಿಯದ್ದಾ, ನನ್ನದಾ?

ಮೈಕ್ರೋಸ್ಕೋಪ್‌ನ ಈ ಚಿತ್ರ ಬರಗಾಲದ ಕೆರೆಯ ತಳದ ಹಾಗೆ ಕಾಣುತ್ತಿದೆ ಅಲ್ವಾ? ಇದು ಹಳೇ ಲಿಥಿಯಂ ಬ್ಯಾಟರಿಯ ಕ್ಯಾಥೋಡ್‌ನಲ್ಲಿದ್ದ, ಅಂದರೆ ಅದರ ಪ್ಲಸ್ ಕಡೆಯಲ್ಲಿದ್ದ ಒಂದು ಕಣ. ಅಗಲ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದಿದ್ದರೆ ಇದು ಬರೀ ಕಪ್ಪು ಪುಡಿ.

ಹೊರಗಿನಿಂದ ನೋಡಿದರೆ ಉಂಡೆ. ಒಳಗೆ ನೂರಾರು ಪುಟ್ಟ ಹರಳುಗಳು ಒತ್ತೊತ್ತಾಗಿ ಕೂತಿವೆ. ಚಾರ್ಜ್ ಮಾಡಿದಾಗ ಲಿಥಿಯಂ ಹೊರಗೆ ಹೋಗುತ್ತದೆ, ಬಳಸುವಾಗ ವಾಪಸ್ ಬರುತ್ತದೆ. ಪ್ರತಿ ಸಲವೂ ಹರಳಿನ ಅಳತೆ ಬದಲಾಗುತ್ತದೆ, ಅದೂ ಒಂದೊಂದು ದಿಕ್ಕಿಗೆ ಒಂದೊಂದು ಥರ. ಪಕ್ಕದ ಹರಳು ಬೇರೆ ಕಡೆ ತಿರುಗಿ ಕೂತಿದೆಯಲ್ಲ, ಎಳೆದಾಟ ಶುರು. ಕೊನೆಗೆ ಅವೆರಡರ ನಡುವಿನ ಗಡಿಯೇ ಬಿಟ್ಟುಕೊಳ್ಳುತ್ತದೆ. ಆ ಸಂದಿಗೆ ಎಲೆಕ್ಟ್ರೋಲೈಟ್, ಅಂದರೆ ಬ್ಯಾಟರಿಯೊಳಗೆ ಲಿಥಿಯಂ ಓಡಾಡುವ ದ್ರವ, ಇಳಿದು ಹೊಸ ಮೇಲ್ಮೈಯನ್ನೂ ಕೆಡಿಸುತ್ತದೆ. ನಿಕ್ಕಲ್ ಜಾಸ್ತಿ ಇರುವ ಕ್ಯಾಥೋಡ್‌ಗಳಲ್ಲಿ ಈ ಕಾಟ ಹೆಚ್ಚು.

ಇಂಥ ಬಿರುಕು ಮೊದಲ ಸಲ ಸಿಕ್ಕಾಗ ಕುಣಿದಾಡಿಬಿಟ್ಟಿದ್ದೆ. ಆಮೇಲೆ ಸುಮ್ನೆ ಒಂದು ಹೊಸ ಎಲೆಕ್ಟ್ರೋಡ್ (ಇಂಥದ್ದೇ ಕ್ಯಾಥೋಡ್‌ನ ಹಾಳೆ) ತೆಗೆದು ನೋಡಿದೆ. ಒಂದು ಸಲವೂ ಚಾರ್ಜ್ ಆಗದ್ದು. ಅದರಲ್ಲೂ ಬಿರುಕು! ತಯಾರಿಸುವಾಗ ಎಲೆಕ್ಟ್ರೋಡ್ ಅನ್ನು ರೋಲರ್‌ಗಳ ನಡುವೆ ಒತ್ತುತ್ತಾರೆ, ಕೆಲವು ಕಣಗಳು ಅಲ್ಲೇ ಒಡೆದಿರುತ್ತವೆ. ಅವತ್ತಿನಿಂದ ಹಳೆಯದರ ಜೊತೆ ಹೊಸದನ್ನೂ ನೋಡದೆ ನಾನು ಏನೂ ಹೇಳುವುದಿಲ್ಲ.

ಈ ಮೈಕ್ರೋಸ್ಕೋಪ್‌ನಲ್ಲಿ ಕಣದ ಒಳಗನ್ನು ನೋಡಬೇಕಾದರೆ ಕತ್ತರಿಸಬೇಕು. ಅದಕ್ಕೆ ಗ್ಯಾಲಿಯಂ ಅಯಾನುಗಳ ಕಿರಣ ಬಳಸುತ್ತೇವೆ. ತುಂಬಾ ನಾಜೂಕು, ಆದರೂ ಕತ್ತರಿಸಿದ ಜಾಗದಲ್ಲಿ ಅದು ತನ್ನ ಗುರುತು ಬಿಟ್ಟೇ ಹೋಗುತ್ತದೆ. ಆ ಗುರುತು ಬ್ಯಾಟರಿಯದ್ದಲ್ಲ, ನನ್ನದು.

ಲಿಥಿಯಂ ಲೋಹದ ಕಥೆ ಇನ್ನೂ ಕಷ್ಟ. ಗಾಳಿ ತಾಗಿದರೆ ಕೆಡುತ್ತದೆ, ಹಾಗಾಗಿ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್‌ನಲ್ಲೇ ಎಲ್ಲ ಕೆಲಸ. ನೋಡಲು ಬಿಟ್ಟ ಎಲೆಕ್ಟ್ರಾನ್ ಕಿರಣಕ್ಕೂ ಅದು ತಡೆಯುವುದಿಲ್ಲ. ಪರಿಹಾರ ಬಂದಿದ್ದು ಜೀವವಿಜ್ಞಾನದಿಂದ. ಪ್ರೋಟೀನ್‌ಗಳನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನಕ್ಕೆ 2017ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಆ ವಿಧಾನದಲ್ಲೇ ಲಿಥಿಯಂ ಡೆಂಡ್ರೈಟ್‌ಗಳ ಪರಮಾಣು ಮಟ್ಟದ ಚಿತ್ರಗಳೂ ಹೊರಬಂದವು. ಡೆಂಡ್ರೈಟ್ ಅಂದರೆ ಆನೋಡ್ (ಬ್ಯಾಟರಿಯ ಮೈನಸ್ ಕಡೆ) ಮೇಲೆ ಮುಳ್ಳಿನ ಹಾಗೆ ಬೆಳೆಯುವ ಲಿಥಿಯಂ. ಬೆಳೆದು ಆ ಕಡೆಯ ಕ್ಯಾಥೋಡ್‌ಗೆ ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್.

ನನ್ನ ಹಿಂದೆ ಹೊಗೆಯಾಡುತ್ತಿರುವುದು ಸ್ಯಾಂಪಲ್ ತಣ್ಣಗಿಡುವ ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಸ್ಯಾಂಪಲ್ ಈಗಷ್ಟೇ ಒಳಗೆ ಹೋಯಿತು. ಅಲುಗಾಟ ನಿಲ್ಲುವವರೆಗೆ ಕಾಯಬೇಕು. ನಾನಂತೂ ಕುರ್ಚಿಯನ್ನೂ ಸರಿಸುವುದಿಲ್ಲ.