ಹೆಸರು ಹಿಡಿದು ಹೊರಟರೆ ಸಿಗದ ಮುತ್ತಜ್ಜ: ಆಟೋಮನ್ ದಫ್ತರಗಳ ಬಗ್ಗೆ ಒಂದು ಅಭಿಪ್ರಾಯ

ಎಲ್ಲರಿಗೂ ನಮಸ್ಕಾರ. 2018ರ ಫೆಬ್ರುವರಿಯಲ್ಲಿ ತುರ್ಕಿ ಸರ್ಕಾರವು ತನ್ನ ನಾಗರಿಕ ಸೇವೆಗಳ ಜಾಲತಾಣದಲ್ಲಿ ವಂಶಾವಳಿ ನೋಡುವ ಸೌಲಭ್ಯವನ್ನು ತೆರೆಯಿತು. ನೋಡಲು ನುಗ್ಗಿದವರ ಸಂಖ್ಯೆ ಎಷ್ಟಿತ್ತೆಂದರೆ ವ್ಯವಸ್ಥೆ ಆ ಭಾರವನ್ನು ತಾಳಲಾರದೆ ಕುಸಿಯಿತು. ಕೆಲವು ದಿನ ಮುಚ್ಚಿ ಮತ್ತೆ ತೆರೆಯಬೇಕಾಯಿತು. ಅನೇಕರಿಗೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹುಟ್ಟಿದ ಹಿರಿಯರ ಹೆಸರುಗಳೂ ಸಿಕ್ಕವು; ತಾವು ತಲತಲಾಂತರದಿಂದ ಅನಟೋಲಿಯಾದವರೆಂದೇ, ಅಂದರೆ ತುರ್ಕಿಯ ಏಷ್ಯಾ ಭಾಗದವರೆಂದೇ, ನಂಬಿದ್ದ ಕೆಲವರಿಗೆ ಬಾಲ್ಕನ್ ಮತ್ತು ಕಾಕಸಸ್ ಪ್ರದೇಶದ ಊರುಗಳು ಎದುರಾದವು.

ಆ ಪಟ್ಟಿ ಕೈಗೆ ಬಂದ ಕೂಡಲೇ ಮನೆತನದ ಇತಿಹಾಸವೇ ದೊರೆತಂತೆ ಸಂಭ್ರಮಿಸುವವರ ಬಗ್ಗೆ ನನಗೊಂದು ತಕರಾರಿದೆ. ಹೆಸರು ಮತ್ತು ಇಸವಿಗಳ ಆ ಸಾಲು ಹಿಂದಿನ ಜೀವನದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಹೇಳುವ ದಾಖಲೆಗಳು ಇಸ್ತಾನ್‌ಬುಲ್‌ನ ಕಾಗತ್‌ಹಾನೆಯಲ್ಲಿರುವ ಪತ್ರಾಗಾರದಲ್ಲಿವೆ; ಇಂದಿನ ತುರ್ಕಿಗೆ ಮುಂಚೆ ಅಲ್ಲಿ ಆಳುತ್ತಿದ್ದ ಆಟೋಮನ್ ಸಾಮ್ರಾಜ್ಯದ ದಾಖಲೆಗಳ ಮನೆ ಅದು. ತೆರಿಗೆ ಎತ್ತಲು ಮತ್ತು ಸೈನ್ಯಕ್ಕೆ ಆಳು ಹಿಡಿಯಲು ಬರೆಸಿದ ದಫ್ತರಗಳು, ಅಂದರೆ ನೋಂದಣಿ ಪುಸ್ತಕಗಳು ಅವು. ಅವುಗಳಲ್ಲಿ ಮನೆತನವನ್ನು ಹುಡುಕುವವರು ಹೆಸರನ್ನು ಬಿಟ್ಟು ಊರನ್ನು ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣವಿದೆ. ತುರ್ಕಿಯಲ್ಲಿ ಪ್ರತಿಯೊಬ್ಬರಿಗೂ ಕುಟುಂಬದ ಹೆಸರು ಕಡ್ಡಾಯವಾದದ್ದು 1934ರ ಕಾನೂನಿನಿಂದ. ಅದರ ನಿಯಮಾವಳಿಯು 'ಯಾನ್', 'ಪುಲೊಸ್', 'ವಿಚ್', 'ಜಾದೆ' ಮುಂತಾದ ತುರ್ಕಿಯೇತರ ಅಂತ್ಯಗಳನ್ನು ನಿಷೇಧಿಸಿತು. ಒಡಹುಟ್ಟಿದವರೇ ಬೇರೆ ಬೇರೆ ಹೆಸರು ಪಡೆದ ಮನೆಗಳೂ ಇವೆ. ಹೀಗಾಗಿ ಇಂದಿನ ಕುಟುಂಬದ ಹೆಸರನ್ನು ಹಿಡಿದು 1840ರ ದಫ್ತರವನ್ನು ತೆರೆದವನಿಗೆ ನಿರಾಶೆ ಖಂಡಿತ. ಅಲ್ಲಿ ಇರುವುದು ತಂದೆಯ ಹೆಸರು ಮತ್ತು ಮನೆಗೆ ಅಂಟಿಕೊಂಡ ಅಡ್ಡಹೆಸರು ಮಾತ್ರ. ಒಂದೇ ಊರಿನಲ್ಲಿ ಅಲಿಯ ಮಗ ಮೆಹ್ಮೆತ್ ಎಂಬವರು ನಾಲ್ಕೈದು ಮಂದಿ ಸಿಗುವುದೂ ಉಂಟು.

ಜಾನಿಸರಿ ಎಂಬ ಹಳೆಯ ಕಾಲಾಳು ಪಡೆಯನ್ನು 1826ರಲ್ಲಿ ಮುಗಿಸಿದ ಎರಡನೆಯ ಮಹ್ಮೂದ್ ಸುಲ್ತಾನನಿಗೆ ಹೊಸ ಸೈನ್ಯವೂ ಅದನ್ನು ಸಾಕುವ ಹಣವೂ ಬೇಕಾಗಿದ್ದವು. 1830–31ರ ಜನಗಣತಿ ಹುಟ್ಟಿದ್ದು ಆ ಅಗತ್ಯದಿಂದ, ಆದ್ದರಿಂದಲೇ ಅದರಲ್ಲಿ ಎಣಿಸಿದ್ದು ಗಂಡಸರನ್ನು ಮಾತ್ರ. ಆದರೂ ಅದರ ಒಂದು ಪುಟ ಎಷ್ಟು ಜೀವಂತವಾಗಿರುತ್ತದೆ ನೋಡಿ. ಮನೆಯ ಸಂಖ್ಯೆ; ಕೆಳಗೆ ಯಜಮಾನ: ಮಧ್ಯಮ ಎತ್ತರ, ಕರಿ ಗಡ್ಡ, ಇಂಥವನ ಮಗ ಇಂಥವನು, ವಯಸ್ಸು 40. ಅವನ ಪಕ್ಕದಲ್ಲಿ ಈಗಷ್ಟೇ ಮೀಸೆ ಚಿಗುರುತ್ತಿರುವ ಮಗ, ಬಳಿಕ ಮೂರು ವರ್ಷದ ಕೂಸು. ಮುಂದಿನ ವರ್ಷಗಳಲ್ಲಿ ಗುಮಾಸ್ತನು ಅದೇ ನಮೂದಿನ ಮೇಲೆ ಸತ್ತ ವರ್ಷವನ್ನೋ ಸೈನ್ಯಕ್ಕೆ ಹೋದದ್ದನ್ನೋ ಬರೆದು ಸೇರಿಸುತ್ತಾನೆ. ಛಾಯಾಚಿತ್ರವೇ ಇಲ್ಲದ ಕಾಲದ ಒಬ್ಬ ಸಾಮಾನ್ಯ ರೈತನ ಗಡ್ಡದ ಬಣ್ಣ ಇಂದು ನಮಗೆ ತಿಳಿಯುತ್ತಿರುವುದು, ಓಡಿಹೋದರೆ ಗುರುತು ಹಿಡಿಯಬೇಕೆಂಬ ಸರ್ಕಾರದ ಕಾಳಜಿಯಿಂದ! ವಯಸ್ಸನ್ನು ಮಾತ್ರ ಅಕ್ಷರಶಃ ನಂಬಬೇಡಿ. 30, 40, 50 ಎಂಬ ಇಡಿಯಂಕಿಗಳು ಅಸಹಜವಾಗಿ ಹೆಚ್ಚಿರುವುದು ಅಂದಾಜಿನ ಗುರುತು, ಮತ್ತು ಸೈನ್ಯದ ಭಯವಿದ್ದ ಮನೆಗಳಲ್ಲಿ ಮಗನ ವಯಸ್ಸು ಸರಿಯಾಗಿ ಹೊರಬರುತ್ತದೆಂದು ನಿರೀಕ್ಷಿಸುವುದು ಕಷ್ಟ.

ಇದರ ಪಕ್ಕದಲ್ಲಿಟ್ಟು ಓದಬೇಕಾದದ್ದು 1844–45ರ ಆದಾಯ ಗಣತಿ, 'ತೆಮೆತ್ತುಆತ್' ದಫ್ತರ. 1839ರ ತಂಜಿಮಾತ್ ಎಂಬ ಸುಧಾರಣೆಗಳ ಘೋಷಣೆಯು ಅವರವರ ಶಕ್ತಿಗೆ ತಕ್ಕ ತೆರಿಗೆಯೆಂದು ಮಾತು ಕೊಟ್ಟಿತ್ತು. ಶಕ್ತಿ ಎಷ್ಟೆಂದು ತಿಳಿಯಲು ಮನೆಮನೆಯ ಲೆಕ್ಕ ಬೇಕಾಯಿತು. ಇಂಥ ದಫ್ತರಗಳು 17,000ಕ್ಕೂ ಹೆಚ್ಚು ಉಳಿದಿವೆ. ಕಸುಬೇನು, ಹಿಂದಿನ ವರ್ಷ ಕಟ್ಟಿದ ತೆರಿಗೆ ಎಷ್ಟು, ದಶಾಂಶವಾಗಿ ಕೊಟ್ಟ ಗೋಧಿ ಮತ್ತು ಬಾರ್ಲಿ ಎಷ್ಟು, ಎಷ್ಟು ದೋನುಮ್ (ನೆಲದ ಅಳತೆ) ಹೊಲ, ಕರೆಯುವ ಹಸು, ಕತ್ತೆ, ಜೇನುಗೂಡು, ಕೊನೆಗೆ ವರ್ಷದ ಆದಾಯ ಎಷ್ಟು ಕುರುಷ್ (ಅಂದಿನ ನಾಣ್ಯ) ಎಂಬುದೆಲ್ಲ ಅದರಲ್ಲಿದೆ. ಜನಗಣತಿಯಲ್ಲಿ ಕಂಡ ನಾಲ್ಕು ಮೆಹ್ಮೆತ್‌ಗಳಲ್ಲಿ ನಿಮ್ಮವನು ಯಾರೆಂಬುದು ಎಷ್ಟೋ ಸಲ ಇಲ್ಲಿ, ಅವನ ಕಸುಬಿನಿಂದಲೋ ಅಕ್ಕಪಕ್ಕದ ಮನೆಗಳ ಅನುಕ್ರಮದಿಂದಲೋ ಇತ್ಯರ್ಥವಾಗುತ್ತದೆ. ಹಾಗಾಗಿಯೇ ಇಡೀ ಊರನ್ನು ಓದಿ ಎನ್ನುತ್ತೇನೆ. ಆದಾಯದ ಅಂಕಿಯನ್ನು ಕನಿಷ್ಠ ಮೊತ್ತವೆಂದು ತಿಳಿಯುವುದು ಕ್ಷೇಮ. ತೆರಿಗೆಯವನ ಮುಂದೆ ಇದ್ದುದನ್ನೆಲ್ಲ ಒಪ್ಪಿಸುವ ರೈತ ಯಾವ ದೇಶದಲ್ಲಿದ್ದಾನೆ?

ಇನ್ನೂ ಹಿಂದಕ್ಕೆ, ಹದಿನೈದು ಮತ್ತು ಹದಿನಾರನೆಯ ಶತಮಾನಗಳ 'ತಹ್ರೀರ್' ಎಂಬ ತೆರಿಗೆ ಗಣತಿಯ ದಫ್ತರಗಳಿವೆ. ಊರಿನ ಚರಿತ್ರೆಗೆ ಅವು ಅಮೂಲ್ಯ. ಆದರೆ ಅಲ್ಲಿಂದ 1830ಕ್ಕೆ ತಲೆಮಾರಿನಿಂದ ತಲೆಮಾರಿಗೆ ಕೊಂಡಿ ಕೂಡಿಸುವುದು ಸಾಮಾನ್ಯ ಮನೆತನಗಳಿಗೆ ಬಹುಮಟ್ಟಿಗೆ ಅಸಾಧ್ಯ. ಹಣ ಪಡೆದು ಅಷ್ಟು ಹಿಂದಿನ ವಂಶವೃಕ್ಷ ಬರೆದುಕೊಡುವವರನ್ನು ನಾನಂತೂ ನಂಬುವುದಿಲ್ಲ. 'ಅಬ್ದುಲ್ಲಾನ ಮಗ' ಎಂಬ ನಮೂದು ಕಂಡಾಗಲೂ ಹುಷಾರಾಗಿರಬೇಕು. ಮತಾಂತರಗೊಂಡವರ ತಂದೆಗೆ ಆ ಹೆಸರನ್ನೇ ಬರೆಯುವ ರೂಢಿಯಿತ್ತು. ಹಾಗೆಂದು ನಿಜವಾದ ಅಬ್ದುಲ್ಲಾಗಳಿರಲಿಲ್ಲವೆಂದೂ ಅಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಈ ದಫ್ತರಗಳು ಕೈಕೊಡುತ್ತವೆ. ಹದಿನಾರನೆಯ ಶತಮಾನದಲ್ಲಿ ಕ್ರೈಸ್ತ ವಿಧವೆ ಮನೆಯ ಯಜಮಾನಿಯಾಗಿದ್ದರೆ ಆರು ಅಕ್ಚೆ (ಬೆಳ್ಳಿ ನಾಣ್ಯ) ತೆರಿಗೆಯ ಕಾರಣಕ್ಕೆ ಅವಳ ಹೆಸರು ಬರುತ್ತಿತ್ತು. 1880ರ ದಶಕದ ಗಣತಿಯಲ್ಲಿ ಹೆಂಗಸರನ್ನೂ ಎಣಿಸಿದರು. ನಡುವಿನ ಅಂತರವನ್ನು ತುಂಬಲು ಕಾಜಿಗಳ ನ್ಯಾಯಾಲಯದ ದಾಖಲೆಗಳಿಗೆ ಹೋಗಬೇಕು. ಆಸ್ತಿ ಹಂಚಿಕೆಯ ಪತ್ರಗಳಲ್ಲಿ ಹೆಂಡತಿ ಮತ್ತು ಹೆಣ್ಣುಮಕ್ಕಳು ಹೆಸರು ಸಮೇತ, ಪಾಲು ಸಮೇತ ಕಾಣಿಸಿಕೊಳ್ಳುತ್ತಾರೆ. ಮನೆತನದ ಅರ್ಧ ಭಾಗವನ್ನು ಮರೆಯಬಾರದೆನ್ನುವವರು ಈ ಶ್ರಮವನ್ನು ಪಡಲೇಬೇಕು.

ಓದುವುದು ಸುಲಭವಲ್ಲ, ನಿಜ. 1928ರಲ್ಲಿ ಅರಬ್ಬಿ ಲಿಪಿ ಹೋಗಿ ಲ್ಯಾಟಿನ್ ಲಿಪಿ ಬಂದ ಮೇಲೆ ತುರ್ಕಿಯ ಮೊಮ್ಮಕ್ಕಳಿಗೇ ಅಜ್ಜನ ಕಾಗದ ಓದಲು ಬಾರದಾಯಿತು. ಹಣಕಾಸಿನ ಹಳೆಯ ದಾಖಲೆಗಳಲ್ಲಿ ಬಳಸಿದ 'ಸಿಯಾಕತ್' ಬರಹವಂತೂ ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳನ್ನೇ ಬಿಟ್ಟುಬಿಡುತ್ತದೆ. ಆಟೋಮನ್ ಸರ್ಕಾರ ಬಳಸುತ್ತಿದ್ದ ಸೌರಮಾನದ ರೂಮಿ ಪಂಚಾಂಗದ 1300 ಎಂದರೆ 1884, ಚಾಂದ್ರಮಾನದ ಹಿಜರಿಯ 1300 ಅದಕ್ಕಿಂತ ಸ್ವಲ್ಪ ಹಿಂದೆ. ಗೊಂದಲಕ್ಕೆ ಇಷ್ಟು ಸಾಲದೇ? ಸಾಲದ್ದಕ್ಕೆ 1931ರಲ್ಲಿ ಹಳೆಯ ದಾಖಲೆಗಳ ದೊಡ್ಡ ರಾಶಿಯೊಂದನ್ನು ರದ್ದಿಯ ದರಕ್ಕೆ ಬಲ್ಗೇರಿಯಾಕ್ಕೆ ಮಾರಿಬಿಟ್ಟರು. ಅದರಲ್ಲಿ ಉಳಿದದ್ದು ಇಂದು ಸೋಫಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ; ಬಾಲ್ಕನ್ ಮೂಲದವರು ಇಸ್ತಾನ್‌ಬುಲ್‌ನಲ್ಲಿ ಸಿಗದದ್ದನ್ನು ಅಲ್ಲಿಯೂ ವಿಚಾರಿಸಬೇಕು.

ಆದರೆ ಲಿಪಿ ಬಾರದೆಂದು ಕೈಚೆಲ್ಲುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ತುರ್ಕಿಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದೊಂದು ಊರಿನ ಅಥವಾ ತಾಲ್ಲೂಕಿನ ದಫ್ತರವನ್ನು ಲ್ಯಾಟಿನ್ ಲಿಪಿಗೆ ಇಳಿಸಿ ಪ್ರಬಂಧ ಬರೆಯುತ್ತ ಬಂದಿದ್ದಾರೆ. ಅವುಗಳಲ್ಲಿ ಬಹಳಷ್ಟು ಅಲ್ಲಿನ ಉನ್ನತ ಶಿಕ್ಷಣ ಮಂಡಳಿಯ ಪ್ರಬಂಧ ಭಂಡಾರದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಹುಡುಕುವಾಗ ಊರಿನ ಹಳೆಯ ಹೆಸರನ್ನೇ ಬಳಸಿರಿ. ಇಪ್ಪತ್ತನೆಯ ಶತಮಾನದಲ್ಲಿ ಸಾವಿರಾರು ಹಳ್ಳಿಗಳ ಹೆಸರನ್ನು ಸರ್ಕಾರ ಬದಲಿಸಿದೆ.