ಸುದ್ದಿಮನೆಗೆ ಬಂದ ಸಾವಿರ ಚಿತ್ರಗಳು

ಕೇಳುಗರಿಗೆ ನಮಸ್ಕಾರ.

2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲುಗಳಲ್ಲಿಯೂ ಒಂದು ಬಸ್ಸಿನಲ್ಲಿಯೂ ಬಾಂಬುಗಳು ಸಿಡಿದಾಗ, ನೆಲದಡಿಯಲ್ಲಿ ಏನಾಗಿದೆ ಎಂಬುದನ್ನು ಹೊರಜಗತ್ತಿಗೆ ತೋರಿಸಿಕೊಟ್ಟವರು ಪತ್ರಕರ್ತರಲ್ಲ. ಹೊಗೆ ತುಂಬಿದ ಸುರಂಗದಿಂದ ನಡೆದು ಹೊರಬರುತ್ತಿದ್ದ ಪ್ರಯಾಣಿಕರು ಮೊಬೈಲ್ ಫೋನಿನಲ್ಲಿ ತೆಗೆದ ಮಸುಕು ಚಿತ್ರಗಳೇ ಟಿವಿ ಪರದೆಯನ್ನೂ ಪತ್ರಿಕೆಗಳ ಮುಖಪುಟವನ್ನೂ ತುಂಬಿದವು. ಬಿಬಿಸಿ ಒಂದಕ್ಕೇ ಆ ದಿನ ಸಾವಿರಕ್ಕೂ ಹೆಚ್ಚು ಛಾಯಾಚಿತ್ರಗಳೂ ಸುಮಾರು 20,000 ಇ-ಮೇಲ್‌ಗಳೂ ಬಂದವು. ಜನಸಾಮಾನ್ಯರು ಸುದ್ದಿ ಕೊಟ್ಟದ್ದು ಅದೇ ಮೊದಲಲ್ಲ; ‘ಪ್ರತಿಯೊಬ್ಬ ನಾಗರಿಕನೂ ವರದಿಗಾರ’ ಎಂಬ ಘೋಷಣೆಯೊಡನೆ ದಕ್ಷಿಣ ಕೊರಿಯಾದಲ್ಲಿ ಓಹ್‌ಮೈನ್ಯೂಸ್ ಎಂಬ ಸುದ್ದಿತಾಣ 2000ದಲ್ಲಿಯೇ ಆರಂಭವಾಗಿತ್ತು. ಆದರೆ ಸುದ್ದಿಯನ್ನು ಹುಡುಕಿಕೊಂಡು ಹೋಗುವುದನ್ನೇ ಕಸುಬಾಗಿಸಿಕೊಂಡಿದ್ದ ದೊಡ್ಡ ಸುದ್ದಿಮನೆಗಳು, ತಾನಾಗಿಯೇ ಬಂದು ಬೀಳುವ ರಾಶಿಯಲ್ಲಿ ನಿಜ ಯಾವುದೆಂದು ಆರಿಸುವ ಕೆಲಸಕ್ಕೆ ಆ ದಿನದಿಂದ ಅನಿವಾರ್ಯವಾಗಿ ಇಳಿಯಬೇಕಾಯಿತು.

ಈ ಆರಿಸುವ ಕೆಲಸ ಹೊರಗಿನಿಂದ ಕಾಣುವಷ್ಟು ಸುಲಭದ್ದಲ್ಲ. ಪ್ರವಾಹದ ಒಂದು ವಿಡಿಯೊ ಡೆಸ್ಕಿಗೆ ಬಂತು ಎಂದಿಟ್ಟುಕೊಳ್ಳಿ. ಅದು ಇದೇ ವರ್ಷದ್ದೋ ಅಥವಾ ಐದು ವರ್ಷಗಳ ಹಿಂದೆ ಬೇರೊಂದು ದೇಶದಲ್ಲಿ ತೆಗೆದದ್ದೋ ಎಂಬುದನ್ನು ಮೊದಲು ನೋಡಬೇಕು. ಅದಕ್ಕಾಗಿ ಅದರ ಒಂದೆರಡು ಚೌಕಟ್ಟುಗಳನ್ನು ಬಿಡಿಸಿ, ಅವೇ ಚಿತ್ರಗಳು ಹಿಂದೆ ಎಲ್ಲಾದರೂ ಪ್ರಕಟವಾಗಿವೆಯೇ ಎಂದು ಹುಡುಕುತ್ತಾರೆ. ಆಮೇಲೆ ಅಂಗಡಿಯ ಫಲಕದ ಲಿಪಿ, ವಾಹನದ ನಂಬರ್ ಪ್ಲೇಟಿನ ಮಾದರಿ, ಹಿನ್ನೆಲೆಯ ಬೆಟ್ಟದ ಅಂಚು, ವಿದ್ಯುತ್ ಕಂಬದ ನೆರಳು ಬಿದ್ದ ದಿಕ್ಕು ಇವನ್ನೆಲ್ಲ ಉಪಗ್ರಹ ಚಿತ್ರದೊಡನೆಯೂ ಆ ದಿನದ ಹವಾಮಾನ ದಾಖಲೆಯೊಡನೆಯೂ ತಾಳೆ ನೋಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ದಾಟಿ ಬಂದ ಚಿತ್ರದಲ್ಲಿ, ಅದನ್ನು ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆಯಾದ್ದರಿಂದ, ಮೂಲ ಕಡತವನ್ನೇ ಕೇಳಿ ತರಿಸಿಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಆಗುವ ಹೊತ್ತಿಗೆ ಎದುರಾಳಿ ವಾಹಿನಿ ಅದೇ ತುಣುಕನ್ನು ನಾಲ್ಕು ಸಲ ತೋರಿಸಿ ಮುಗಿಸಿರುತ್ತದೆ, ಆ ಮಾತು ಬೇರೆ.

ಕುತೂಹಲದ ಸಂಗತಿಯೆಂದರೆ, ಈ ಪರಿಶೀಲನೆಯ ಕಲೆಯನ್ನು ಬೆಳೆಸಿದವರಲ್ಲಿಯೂ ಪತ್ರಿಕೋದ್ಯಮದ ತರಬೇತಿ ಇಲ್ಲದವರಿದ್ದಾರೆ. ಬ್ರಿಟನ್ನಿನ ಎಲಿಯಟ್ ಹಿಗಿನ್ಸ್ ಮನೆಯಲ್ಲಿಯೇ ಕುಳಿತು ಸಿರಿಯಾ ಯುದ್ಧದ ವಿಡಿಯೊಗಳಲ್ಲಿ ಕಾಣುವ ಶಸ್ತ್ರಾಸ್ತ್ರಗಳನ್ನು ಗುರುತಿಸುತ್ತಿದ್ದವರು. ಅವರು 2014ರ ಜುಲೈನಲ್ಲಿ ಆರಂಭಿಸಿದ ಬೆಲ್ಲಿಂಗ್‌ಕ್ಯಾಟ್ ಎಂಬ ತನಿಖಾ ತಾಣ, ಅದೇ ತಿಂಗಳು ಪೂರ್ವ ಉಕ್ರೇನಿನ ಮೇಲೆ ಉರುಳಿಸಲಾದ ಮಲೇಷ್ಯಾದ ವಿಮಾನದ ಪ್ರಕರಣದಲ್ಲಿ, ರಸ್ತೆಬದಿಯ ಜನರು ತೆಗೆದಿದ್ದ ಚಿತ್ರಗಳನ್ನು ಜೋಡಿಸಿ ಕ್ಷಿಪಣಿ ವಾಹನ ಸಾಗಿದ ಹಾದಿಯನ್ನು ಪತ್ತೆಹಚ್ಚಿತು.

ನಾಗರಿಕರ ಕ್ಯಾಮೆರಾದ ನಿಜವಾದ ಬಲ ಕಾಣುವುದು ಅಧಿಕೃತ ಹೇಳಿಕೆಗೆ ಅದು ಎದುರಾದಾಗ ಎಂದು ನನಗನ್ನಿಸುತ್ತದೆ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಥಳಿಸಿದ್ದನ್ನು ನೆರೆಯ ನಿವಾಸಿಯೊಬ್ಬರು ತಮ್ಮ ಬಾಲ್ಕನಿಯಿಂದ ಚಿತ್ರೀಕರಿಸಿದ್ದರು. ಆ ಟೇಪು ಜನರ ಮುಂದೆ ಬರಲು ಸ್ಥಳೀಯ ಟಿವಿ ಕೇಂದ್ರವೊಂದರ ಒಪ್ಪಿಗೆ ಬೇಕಾಗಿತ್ತು. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ನೆಲಕ್ಕೆ ಒತ್ತಿಹಿಡಿದಿದ್ದ ಜಾರ್ಜ್ ಫ್ಲಾಯ್ಡ್ ಸತ್ತಾಗ, ಪೊಲೀಸರ ಮೊದಲ ಪ್ರಕಟಣೆ ಅದನ್ನು ವೈದ್ಯಕೀಯ ಘಟನೆಯೆಂದು ಬಣ್ಣಿಸಿತ್ತು. ಹದಿನೇಳರ ಹುಡುಗಿಯೊಬ್ಬಳು ಫೋನಿನಲ್ಲಿ ಸೆರೆಹಿಡಿದು ತಾನೇ ಫೇಸ್‌ಬುಕ್ಕಿಗೆ ಹಾಕಿದ ದೃಶ್ಯ ಇಲ್ಲದಿದ್ದರೆ, ಆ ಪ್ರಕಟಣೆಯನ್ನೇ ಪತ್ರಿಕೆಗಳು ಒಳಪುಟದಲ್ಲಿ ನಾಲ್ಕು ಸಾಲು ಮಾಡಿ ಕೈತೊಳೆದುಕೊಳ್ಳುತ್ತಿದ್ದವೇನೋ. ಮರುವರ್ಷ, ಪತ್ರಿಕೋದ್ಯಮಕ್ಕೆ ಪ್ರಶಸ್ತಿ ಕೊಡುವ ಅಮೆರಿಕದ ಪುಲಿಟ್ಜರ್ ಮಂಡಳಿ ಆಕೆಗೆ ವಿಶೇಷ ಗೌರವ ನೀಡಿತು.

ಪರಿಶೀಲನೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರವಿಲ್ಲ. 2008ರ ಅಕ್ಟೋಬರ್‌ನಲ್ಲಿ ಜನಸಾಮಾನ್ಯರೇ ಸುದ್ದಿ ಹಾಕಬಹುದಾಗಿದ್ದ ಸಿಎನ್‌ಎನ್‌ನ ಐರಿಪೋರ್ಟ್ ತಾಣದಲ್ಲಿ ಯಾರೋ, ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರಿಗೆ ಹೃದಯಾಘಾತವಾಗಿದೆ ಎಂದು ಬರೆದರು. ಸುಳ್ಳೆಂದು ತಿಳಿಯುವ ಮೊದಲೇ ಆ್ಯಪಲ್ ಷೇರು ಕುಸಿಯಿತು. ತಪ್ಪು ಬರೆದವನದಾದರೂ ಅದಕ್ಕೆ ತೂಕ ಬಂದದ್ದು ಮೇಲಿದ್ದ ದೊಡ್ಡ ಹೆಸರಿನಿಂದ.

ಇನ್ನೊಂದು ವಿಷಯದ ಬಗ್ಗೆ ಸುದ್ದಿಮನೆಗಳು ಅಷ್ಟಾಗಿ ಮಾತನಾಡುವುದಿಲ್ಲ. ಅದು ಹಣ. ಚಿತ್ರ ಬಿಟ್ಟಿ ಸಿಗುವಾಗ ಛಾಯಾಗ್ರಾಹಕನಿಗೆ ಸಂಬಳವೇಕೆ ಎಂಬ ಲೆಕ್ಕ ಆಡಳಿತದ ಮೇಜಿನ ಮೇಲೆ ಬೇಗ ಬರುತ್ತದೆ. 2010ರ ಹೈಟಿ ಭೂಕಂಪದ ಚಿತ್ರಗಳನ್ನು ಛಾಯಾಗ್ರಾಹಕ ಡೇನಿಯಲ್ ಮೊರೆಲ್ ಟ್ವಿಟರ್ ಮೂಲಕ ಹಂಚಿಕೊಂಡಾಗ, ಅವನ್ನು ಅನುಮತಿಯಿಲ್ಲದೆ ಬಳಸಿದ ಸುದ್ದಿಸಂಸ್ಥೆ ಎಎಫ್‌ಪಿ ಮತ್ತು ಚಿತ್ರಗಳನ್ನು ಮಾರುವ ಗೆಟ್ಟಿ ಸಂಸ್ಥೆಗಳು 12 ಲಕ್ಷ ಡಾಲರ್ ಕೊಡಬೇಕೆಂದು ಅಮೆರಿಕದ ಜ್ಯೂರಿ 2013ರಲ್ಲಿ ತೀರ್ಮಾನಿಸಿತು. ಮೊರೆಲ್ ವೃತ್ತಿಪರರು, ವಕೀಲರನ್ನು ಹಿಡಿದು ಹೋರಾಡಿದರು. ಮನೆ ಕುಸಿದ ಹೊತ್ತಿನಲ್ಲಿ ಒಂದು ಫೋಟೊ ತೆಗೆದವರಿಗೆ ಹೆಸರು ಹಾಕುವ ಸೌಜನ್ಯವೂ ಎಷ್ಟೋ ಸಲ ಸಿಗುವುದಿಲ್ಲ.

ವರದಿಗಾರರನ್ನು ಕಡಿಮೆ ಮಾಡಿಕೊಂಡ ಸಂಸ್ಥೆಗಳಿಗೆ ಮುಂದೆ ಕಾಡುವುದು ಬೇರೆಯೇ ಕೊರತೆ. ಬೆಂಕಿ, ಅಪಘಾತ, ಗಲಭೆಗಳಿಗೆ ಸಾಕ್ಷಿಗಳು ಸಿಗುತ್ತಾರೆ. ಲೆಕ್ಕಪರಿಶೋಧನಾ ವರದಿಯನ್ನು ಯಾರೂ ವಿಡಿಯೊ ಮಾಡಿ ಕಳುಹಿಸುವುದಿಲ್ಲ. 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಸಂಸದರ ಖರ್ಚುವೆಚ್ಚಕ್ಕೆ ಸಂಬಂಧಿಸಿದ ನಾಲ್ಕೂವರೆ ಲಕ್ಷದಷ್ಟು ಪುಟಗಳನ್ನು ಓದುಗರ ಮುಂದಿಟ್ಟು, ಓದಿ ಸಂಶಯಾಸ್ಪದವಾದವನ್ನು ಗುರುತಿಸಿ ಎಂದು ಕೇಳಿಕೊಂಡಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮುಂದೆ ಬಂದು, ಮೊದಲ ಮೂರು ನಾಲ್ಕು ದಿನಗಳಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕಿದ ಪುಟಗಳನ್ನು ನೋಡಿಕೊಟ್ಟರು. ಆಮೇಲೆ ಉತ್ಸಾಹ ಇಳಿಯಿತು, ಓದದ ಪುಟಗಳು ಬಹಳಷ್ಟು ಉಳಿದವು. ಹಾಗೆ ಉಳಿಯುವ ಪುಟಗಳನ್ನು ಓದುವುದಕ್ಕೆ, ತಿಂಗಳ ಸಂಬಳಕ್ಕೆ ಕುಳಿತ ಒಬ್ಬ ವರದಿಗಾರ ಬೇಕಾಗುತ್ತಾನೆ.

ನಮಸ್ಕಾರ.