ಮಗುವಿನ ರೆಪ್ಪೆಯ ಗಂಟು ಬೇಗ ಬೆಳೀತಿದೆಯಾ?

ಕೇಳುಗರಿಗೆ ನಮಸ್ಕಾರ. ಮಾಟುಂಗ, ವಡಾಲಾ, ಡೊಂಬಿವಲಿ, ನೀವು ಎಲ್ಲೇ ಇರಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ.

ಮಗುವಿನ ರೆಪ್ಪೆಯಲ್ಲಿ ಗಂಟು ಕಂಡರೆ ಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ಇಡುತ್ತೇವೆ. ಪಕ್ಕದ ಮನೆಯ ಮಾವಶಿ ಬಂದು ನೋಡಿ, ರಾಂಜಣವಾಡಿ (ಮರಾಠಿಯಲ್ಲಿ ಕಣ್ಣುಕುರು) ಅಷ್ಟೇ, ಹೋಗುತ್ತೆ ಬಿಡಿ ಅಂತಾರೆ. ಹೆಚ್ಚಿನ ಸಲ ಅವರ ಮಾತೇ ಸರಿ. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಯ ಬಾಯಿ ಕಟ್ಟಿಕೊಂಡು ಆಗುವ ಗಂಟು ಅದು. ಡಾಕ್ಟರು ಕಲೇಜಿಯನ್ ಅನ್ನುತ್ತಾರೆ. ಶಾಖ ಕೊಟ್ಟರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸುಮ್ನೆ ಗಾಬರಿಯಾಗಬೇಡಿ.

ಆದರೆ ತೀರಾ ಅಪರೂಪಕ್ಕೆ ಇದೇ ವೇಷದಲ್ಲಿ ರಾಬ್ಡೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಬರುತ್ತದೆ. ಕಣ್ಣಿನ ಗೂಡಿನಲ್ಲಿ ಇದು ಹೆಚ್ಚಾಗಿ ಕಾಣುವುದು 10 ವರ್ಷದೊಳಗಿನ ಮಕ್ಕಳಲ್ಲಿ. ನೋವು ಇರಲೇಬೇಕೆಂದಿಲ್ಲ, ಅದಕ್ಕೇ ಮೋಸ ಹೋಗುತ್ತೇವೆ. ನೋಡಬೇಕಾದ್ದು ವೇಗ. ದಿನಗಳಲ್ಲಿ, ಒಂದೆರಡು ವಾರದಲ್ಲಿ ಊತ ಎದ್ದು ಕಾಣುವಷ್ಟು ದೊಡ್ಡದಾಗುತ್ತದೆ, ರೆಪ್ಪೆ ಜೋಲುತ್ತದೆ, ಕಣ್ಣುಗುಡ್ಡೆ ಮುಂದಕ್ಕೋ ಕೆಳಕ್ಕೋ ಸರಿದಂತೆ ಕಾಣುತ್ತದೆ. ಆಗ ಒಂದು ದಿನವೂ ಕಾಯಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಆಟದಲ್ಲಿ ಚೆಂಡು ತಗುಲಿತ್ತು, ಅದರದ್ದೇ ಬಾವು ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಮಕ್ಕಳಿಗೆ ಏಟು ಬೀಳದ ವಾರ ಯಾವುದಿದೆ ಹೇಳಿ?

ಗಂಟು ಕಂಡ ದಿನದಿಂದಲೇ ಮೊಬೈಲಿನಲ್ಲಿ ಎರಡು ದಿನಕ್ಕೊಮ್ಮೆ ಫೋಟೋ ತೆಗೆದಿಡಿ. ಡಾಕ್ಟರಿಗೆ ಬೆಳೆದ ಬಗೆ ಕಣ್ಣಾರೆ ಕಾಣುತ್ತದೆ. ಗಂಟನ್ನು ಕೊಯ್ದು ತೆಗೆದರೆ, ಅದರಲ್ಲೂ ಮತ್ತೆ ಅದೇ ಜಾಗದಲ್ಲಿ ಬಂದಿದ್ದರೆ, ತೆಗೆದ ತುಣುಕನ್ನು ಲ್ಯಾಬಿಗೆ ಕಳಿಸಿ ಅಂತ ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ, ಕೇಳುವ ಹಕ್ಕು ನಿಮಗಿದೆ.

ಹಿಂದೆ ಈ ಕಾಯಿಲೆಗೆ ಕಣ್ಣು, ಅದರ ಸುತ್ತಲಿನ ಮಾಂಸ ಎಲ್ಲ ತೆಗೆಯುತ್ತಿದ್ದರು. ಆದರೂ ಹೆಚ್ಚಿನ ಮಕ್ಕಳು ಉಳಿಯುತ್ತಿರಲಿಲ್ಲ. ಈಗ ಕೀಮೋ ಮತ್ತು ರೇಡಿಯೇಷನ್ ಸೇರಿಸಿ ಕೊಡುತ್ತಾರೆ. ಕಣ್ಣಿನ ಗೂಡಿನೊಳಗೇ ಇದ್ದಾಗ ಸಿಕ್ಕರೆ 10 ಮಕ್ಕಳಲ್ಲಿ ಸುಮಾರು 9 ಮಂದಿ ಬದುಕುತ್ತಾರೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ರೇಡಿಯೇಷನ್‌ನಿಂದ ಮುಂದೆ ಪೊರೆ ಬರಬಹುದು, ಆ ಕಡೆಯ ಮುಖದ ಮೂಳೆ ಕಡಿಮೆ ಬೆಳೆಯಬಹುದು. ಹಾಗಾಗಿ ವರ್ಷಗಟ್ಟಲೆ ತಪಾಸಣೆಗೆ ಹೋಗುತ್ತಿರಬೇಕು.

ನಮ್ಮ ಮುಂಬಯಿಯ ಪರೇಲಿನಲ್ಲೇ 1941ರಿಂದ ಟಾಟಾ ಮೆಮೋರಿಯಲ್ ಆಸ್ಪತ್ರೆ ಇದೆ. ಮಕ್ಕಳ ಕ್ಯಾನ್ಸರಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಊರಿನಲ್ಲಿ, ಕಲಬುರಗಿಯಲ್ಲೋ ವಿಜಯಪುರದಲ್ಲೋ ನಿಮ್ಮ ಬಳಗದ ಮಗುವಿಗೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷೆ) ಆಗಿದ್ದರೆ, ಬರುವಾಗ ಬರೀ ರಿಪೋರ್ಟ್ ಸಾಲದು, ಲ್ಯಾಬಿನಿಂದ ಆ ತುಣುಕು ಇಟ್ಟಿರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ತರಲು ಹೇಳಿ. ಇಲ್ಲಿ ಅವನ್ನೇ ಮತ್ತೆ ಪರೀಕ್ಷೆ ಮಾಡುತ್ತಾರೆ.